ಕಂಪ್ಯೂಟರಿಗೆ ಗೊತ್ತಿಲ್ಲದ ಕೊಸರು

ಆರು ರೂಪಾಯಿ, ಅದೂ ಕರಿಬೇವಿಗೆ. ಹೈದರಾಬಾದಿಗೆ ಬಂದ ಮೇಲೆ ನಾನು ಕರಿಬೇವಿಗೆಂದು ಪರ್ಸು ತೆಗೆದದ್ದು ಅದೇ ಮೊದಲು; ನನ್ನ ಮಾತು ನಡೆದರೆ ಅದೇ ಕೊನೆ. ಕರಿಬೇವು ಕೊಳ್ಳುವ ವಸ್ತುವೇ ಅಲ್ಲ. ತರಕಾರಿ ತೂಗಿಸಿ, ದುಡ್ಡು ಕೊಟ್ಟು, ಹೊರಟವಳ ಹಾಗೆ ಒಂದು ಹೆಜ್ಜೆ ಇಟ್ಟು, ಮತ್ತೆ ತಿರುಗಿ ಚೀಲ ಹಿಡಿದರೆ ತಾನಾಗಿ ಬಂದು ಬೀಳಬೇಕಾದದ್ದು. ಅದಕ್ಕೆ ಕೊಸರು ಎನ್ನುತ್ತೇವೆ. ತೆಲುಗಿನಲ್ಲೂ ಅದು ಕೊಸರೇ. ಮದುವೆಯಾಗಿ ರಾಯಚೂರಿನಿಂದ ಬಂದಾಗ ನನಗೆ ಕಲಿಯದೆಯೇ ಬರುತ್ತಿದ್ದ ತೆಲುಗು ಪದ ಅದೊಂದೇ. ಆ ಒಂದು ಪದದ ಬಂಡವಾಳದಲ್ಲಿ ಸಂಸಾರ ನಡೆಸಿ, ಉಳಿಸಿ, ಹೊಲಿಗೆ ಮಷೀನು ಕೊಂಡು, ಈಗ ಮಿಯಾಪುರದಲ್ಲಿ ಬ್ಲೌಸು ಹೊಲಿಯುವ ಸ್ವಂತ ಅಂಗಡಿ ಇಟ್ಟಿದ್ದೇನೆ. ನನ್ನ ಗಿರಾಕಿಗಳೂ ಕೊಸರು ಕೇಳುತ್ತಾರೆ: ಉಳಿದ ಬಟ್ಟೆಯಲ್ಲಿ ಒಂದು ಚಿಲ್ಲರೆ ಹಾಕುವ ಚೀಲ. ಗೊಣಗುತ್ತಲೇ ಹೊಲಿದುಕೊಡುತ್ತೇನೆ.

ಆ ಆರು ರೂಪಾಯಿ ಹೋದದ್ದು ಶರಣಮ್ಮ ಇಲ್ಲದ್ದರಿಂದ. ಸೇಡಂ ಕಡೆಯ ಈ ಶರಣಮ್ಮ ನಮ್ಮ ಅಪಾರ್ಟ್‌ಮೆಂಟು ಕಟ್ಟುವಾಗ ಇಟ್ಟಿಗೆ ಹೊತ್ತವಳು. ಕಟ್ಟಡ ಮುಗಿದ ಮೇಲೆ ಅದರ ಗೇಟಿನ ಪಕ್ಕದಲ್ಲೇ ತರಕಾರಿ ಬುಟ್ಟಿ ಇಟ್ಟುಕೊಂಡು ಕೂತಳು. ಎದುರಿಗೆ ಗಾಜಿನ ದೊಡ್ಡ ಅಂಗಡಿ ತೆರೆದ ವಾರವೇ ನಮ್ಮ ಅಸೋಸಿಯೇಷನ್ ಸೆಕ್ರೆಟರಿಗೆ ಜ್ಞಾನೋದಯವಾಯಿತು. ಸಾಫ್ಟ್‌ವೇರಿನವರು ಬಾಡಿಗೆಗೆ ಬರಬೇಕಾದರೆ ಗೇಟು ಇಂಟರ್‌ನ್ಯಾಷನಲ್ ಆಗಿ ಕಾಣಬೇಕಂತೆ. ಬದನೆಕಾಯಿ ಬುಟ್ಟಿ ಇಂಟರ್‌ನ್ಯಾಷನಲ್ ಅಲ್ಲವಂತೆ. ವಾಚ್‌ಮನ್ ಅವಳನ್ನು ಎಬ್ಬಿಸಿ ಕಳಿಸಿದ. ಸಾರಿಗೆ ಒಗ್ಗರಣೆ ಬಾಕಿ ಇಟ್ಟು ಕೆಳಗಿಳಿದ ನನಗೆ ಕಂಡದ್ದು ಖಾಲಿ ಜಾಗ. ಬೇರೆ ದಾರಿ ಕಾಣದೆ ರಸ್ತೆ ದಾಟಿದೆ.

ಒಳಗೆ ಎಂಥ ಚಳಿ ಎಂದರೆ ತರಕಾರಿಗಿಂತ ಮೊದಲು ಶಾಲು ಕೊಳ್ಳಬೇಕು. ಒಂದೊಂದು ಸೇಬಿನ ಹಣೆಗೂ ಪರದೇಶದ ಸ್ಟಿಕ್ಕರು. ಬೆಳ್ಳುಳ್ಳಿ ಚೀನಾದ್ದು, ಗುಂಡಗೆ ಬೆಳ್ಳಗಿತ್ತು. ಮೂಗಿಗೆ ಹಿಡಿದರೆ ವಾಸನೆಯೇ ಇಲ್ಲ, ಹಡಗಿನಲ್ಲಿ ಬರುವಾಗ ಸಮುದ್ರಕ್ಕೆ ಬಿಟ್ಟು ಬಂದಿರಬೇಕು. ನಾಲ್ಕು ಎಸಳು ಕರಿಬೇವಿಗೆ ಒಂದು ಥರ್ಮೋಕೋಲ್ ತಟ್ಟೆ, ಮೇಲೆ ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ಕಪ್ಪು ಗೆರೆಗಳ ಚೀಟಿ. ಟೊಮೆಟೊಗೆ ಬಿಲ್ಲು ಮಾಡಿಸಿ, ಕರಿಬೇವನ್ನು ಪಕ್ಕಕ್ಕೆ ಸರಿಸಿ, "ಇದು ಕೊಸರಿಗೆ, ತಾಯಿ" ಎಂದು ಬಿಲ್ಲಿನ ಹುಡುಗಿಗೆ ತೆಲುಗಿನಲ್ಲೇ ಹೇಳಿದೆ.

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ನಮ್ಮ ಅಜ್ಜಿ ಹೀಗೇ ಕೇಳ್ತಿದ್ದಳು ಆಂಟೀ. ಆದರೆ ಕೊಸರನ್ನ ಕಂಪ್ಯೂಟರು ತಗೊಳ್ಳೋದಿಲ್ಲ."

"ಕಂಪ್ಯೂಟರನ್ನ ಯಾರು ಕೇಳಿದರು? ನಿನ್ನ ಕೇಳ್ತಿದೀನಿ."

"ನಾನು ಕೊಟ್ಟರೆ ನನ್ನ ಸಂಬಳದಲ್ಲಿ ಹಿಡೀತಾರೆ. ಎರಡು ಶಾಂಪೂ ತಗೊಳ್ಳಿ, ಸೋಪು ಫ್ರೀ ಇದೆ."

ನನ್ನ ಸಿಟ್ಟು ಆ ಹುಡುಗಿಯ ಮೇಲಲ್ಲ, ಆ ಫ್ರೀ ಮೇಲೆ. ಸೋಪಿನ ಬೆಲೆಯನ್ನು ಮೊದಲೇ ಶಾಂಪೂವಿನಲ್ಲಿ ಸೇರಿಸಿಟ್ಟು, ಆಮೇಲೆ ಧರ್ಮಾತ್ಮರ ಹಾಗೆ ಕೈಗಿಡುವುದು ಕೊಸರಲ್ಲ, ಕಣ್ಣಿಗೆ ಮಣ್ಣೆರಚುವುದು. ಕೊಸರು ಕೊಡುವುದಕ್ಕೆ ಮುಖ ನೋಡುವ ಮನುಷ್ಯರು ಬೇಕು. ಯಾವುದೋ ದೇಶದ ಯಾವುದೋ ಮಹಡಿಯಲ್ಲಿ ಕೂತು ನನ್ನ ಶಾಂಪೂವಿಗೆ ಬೆಲೆ ಕಟ್ಟುವವನ ಜೊತೆ ಚೌಕಾಸಿ ಮಾಡಲು ನಾನು ಎಲ್ಲಿಗೆ ಹೋಗಲಿ? ಅಲ್ಲಿಗೆ ಕೊಟ್ಟ ದುಡ್ಡು ವಿಮಾನ ಹತ್ತಿ ಹೋಗುತ್ತದೆ, ತಿರುಗಿ ನೋಡುವುದಿಲ್ಲ. ಶರಣಮ್ಮನಿಗೆ ಕೊಟ್ಟದ್ದು ಬಹಳವೆಂದರೆ ಸೇಡಂ ರೈಲು ಹತ್ತೀತು; ಉಳಿದದ್ದು ಇಲ್ಲೇ ಸುತ್ತುತ್ತದೆ. ಅವಳ ಮಗಳ ಬ್ಲೌಸು ಹೊಲಿಯುವವಳು ನಾನೇ ಅಲ್ಲವೇ.

ಹುಡುಕಿದರೆ ಶರಣಮ್ಮ ಬಸ್ ಸ್ಟಾಪಿನ ಹಿಂದೆ, ಯಾರೂ ನಿಲ್ಲದ ಜಾಗದಲ್ಲಿ ಕೂತಿದ್ದಳು. ಸೊಪ್ಪು ಬಾಡಿತ್ತು. "ಮೂರು ದಿನ ಆತ್ರಿ ಅಕ್ಕಾರ, ಬೋಣಿನ ಸರಿ ಆಗವಲ್ದು. ಹಿಂಗಾದ್ರ ಮತ್ತ ಇಟ್ಟಂಗಿ ಹೊರಾಕ ಹೋಗೂದ" ಎಂದಳು. ಅಸೋಸಿಯೇಷನ್ನಿನ ಭಾನುವಾರದ ಮೀಟಿಂಗಿಗೆ ಅವಳನ್ನೂ ಕರಿಬೇವಿನ ಆ ಥರ್ಮೋಕೋಲ್ ತಟ್ಟೆಯನ್ನೂ ಕರೆದುಕೊಂಡು ಹೋದೆ. ಈ ಗೋಡೆಗೆ ಇಟ್ಟಿಗೆ ಹೊತ್ತವಳು ಈ ಗೋಡೆಗೆ ಒರಗಿ ಕೂರಬಾರದೇ ಎಂದು ಕೇಳಿದೆ. ಸೆಕ್ರೆಟರಿ ಮತ್ತೆ ಇಂಟರ್‌ನ್ಯಾಷನಲ್ ಎಂದು ಬಾಯಿ ತೆರೆಯುವಷ್ಟರಲ್ಲಿ ಅವರ ಹೆಂಡತಿಯೇ ಎದ್ದು, ಎದುರಿನ ಅಂಗಡಿಯ ಬದನೆಕಾಯಿ ಎಣ್ಣೆಗಾಯಿಗೆ ಆಗುವುದಿಲ್ಲ, ಅದರಲ್ಲಿ ಮಕ್ಕಳು ಫುಟ್‌ಬಾಲ್ ಆಡಬಹುದು ಎಂದರು. ಸೆಕ್ರೆಟರಿ ಕೂತರು. ಕೂತವರು ಒಂದು ಷರತ್ತು ಹಾಕಿದರು: ಎಲ್ಲರಿಗೂ ಒಂದೇ ರೇಟು ಇರಬೇಕು.

ಗಾಬರಿಗೆ ಶರಣಮ್ಮನ ತೆಲುಗೆಲ್ಲ ಓಡಿಹೋಗಿ ಕನ್ನಡವಷ್ಟೇ ಉಳಿದಿತ್ತು. ತರ್ಜುಮೆಯ ಹೊಣೆ ನನ್ನದಾಯಿತು.

"ಎಲ್ಲಾರಿಗೂ ಒಂದ ರೇಟ್ ಐತ್ರಿ ಸಾಹೇಬ್ರ. ಈ ಅಕ್ಕಾರೊಬ್ಬರಿಗೆ ಬ್ಯಾರೆ" ಎಂದಳು.

ಎದೆಯುಬ್ಬಿಸಿ ಅದನ್ನು ತೆಲುಗಿನಲ್ಲಿ ಗಟ್ಟಿಯಾಗಿ ಹೇಳಿದೆ. ಮಾತು ಮುಗಿದಿರಲಿಲ್ಲ.

"ಮಂದಿಗೆ ಎಂಟು ಹೇಳಿದ್ದನ್ನ ಅಕ್ಕಾರಿಗೆ ಹನ್ನೆರಡು ಹೇಳತೀನ್ರಿ. ಜಗ್ಗ್ಯಾಡಿ ಜಗ್ಗ್ಯಾಡಿ ಹತ್ತಕ್ಕ ತರತಾರ. ಮ್ಯಾಲ ಕರಿಬೇವು ಬೇಕಂತಾರ. ಅದನ್ನ ನಾ ಮೊದಲ ಕೂಡಿಸಿರತೀನಿ."

"ಏನಂದಳು, ಏನಂದಳು?" ಎಂದು ಸೆಕ್ರೆಟರಿಯ ಹೆಂಡತಿ ಬಿಡಲಿಲ್ಲ. ಹೇಳಿದೆ. ಸಭೆ ನಕ್ಕ ರಭಸಕ್ಕೆ ವಾಚ್‌ಮನ್ ಒಳಗೆ ಬಂದು ನೋಡಿದ.

"ಸಿಟ್ಟಾಗಬ್ಯಾಡ್ರಿ ಅಕ್ಕಾರ. ಜಗ್ಗ್ಯಾಡಲಿಲ್ಲಂದ್ರ ನಿಮಗ ಉಂಡ ಅನ್ನ ಕರಗೂದಿಲ್ಲ, ಅದಕ್ಕ" ಎಂದಳು ಶರಣಮ್ಮ.

ಅವಳು ಗೇಟಿಗೆ ಮರಳಿದ್ದಾಳೆ. ನೀವೂ ನಿಮ್ಮ ಗೇಟಿನ ಹತ್ತಿರ ಒಬ್ಬರನ್ನು ಇಟ್ಟುಕೊಳ್ಳಿ. ಹೊರಡುವಾಗ ಬಟ್ಟೆ ಚೀಲ ಒಯ್ಯಿರಿ. ಇಲ್ಲವಾದರೆ ನನ್ನ ಅಂಗಡಿಗೆ ಬನ್ನಿ, ಹೊಲಿದುಕೊಡುತ್ತೇನೆ. ಸೇಬಿನ ಸ್ಟಿಕ್ಕರು ಓದಿ, ಅದು ನಿಮಗಿಂತ ಹೆಚ್ಚು ದೇಶ ನೋಡಿದ್ದರೆ ಅಲ್ಲೇ ಇಟ್ಟು ಪಕ್ಕದ ಸೀಬೆಹಣ್ಣು ಕೊಳ್ಳಿ. ಬೆಳ್ಳುಳ್ಳಿ ಮೂಸಿ ನೋಡಿ. ಮಿಕ್ಸಿಯೋ ಫ್ಯಾನೋ ಕೊಳ್ಳುವ ಮೊದಲು ಕೆಟ್ಟರೆ ಈ ಊರಿನಲ್ಲಿ ಯಾರು ರಿಪೇರಿ ಮಾಡುತ್ತಾರೆ ಎಂದು ಕೇಳಿ. ಅಂಗಡಿಯವನು ತೊದಲಿದರೆ ಎದ್ದು ಬನ್ನಿ. ಕರಿಬೇವನ್ನು ಮಾತ್ರ ಯಾವ ಕಾರಣಕ್ಕೂ ದುಡ್ಡು ಕೊಟ್ಟು ಕೊಳ್ಳಬೇಡಿ. ಎರಡು ರೂಪಾಯಿ ಹೆಚ್ಚಿಗೆ ಬಿದ್ದರೂ ಪರವಾಗಿಲ್ಲ, ಪುಕ್ಕಟೆಯಾಗಿಯೇ ತನ್ನಿ.