ಹೊಸಪೇಟೆಯ ಓಪಿಡಿಯಲ್ಲಿ ಮಂಕಿಪಾಕ್ಸ್

ಹೊಸ ರೋಗವೊಂದರ ಹೆಸರು ಟಿವಿಯಲ್ಲಿ ಬಂದರೆ ಸಾಕು, ಮರುದಿನ ಬೆಳಿಗ್ಗೆ ಅದು ನನ್ನ ಕೋಣೆಯ ಮುಂದೆ ಸಾಲಿನಲ್ಲಿ ನಿಂತಿರುತ್ತದೆ. ನಾನು ಹೊಸಪೇಟೆಯ ಒಂದು ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರು. ಮಂಕಿಪಾಕ್ಸ್ ಸುದ್ದಿ ಎದ್ದ ಮೇಲೆ ಬೆವರುಸಾಲೆ, ಕಜ್ಜಿ, ಮೊಡವೆ ಎಲ್ಲದಕ್ಕೂ ಒಂದೇ ಹೆಸರಾಯಿತು. ಅಕ್ಕಿ ಗಿರಣಿಯ ಸಾಹುಕಾರರೊಬ್ಬರ ಬೆನ್ನು ನೋಡಿ, "ತಿಗಣೆ ಕಚ್ಚಿದ್ದು, ಹಾಸಿಗೆ ಬಿಸಿಲಿಗೆ ಹಾಕಿಸ್ರಿ" ಅಂದೆ. ಸಾಹುಕಾರರಿಗೆ ಭಾಳ ಅವಮಾನವಾಯಿತು. "ನಮ್ಮಂಥವರ ಮನ್ಯಾಗ ತಗಣಿ ಎಲ್ಲಿಂದ ಬರಬೇಕ್ರಿ ಮೇಡಂ? ಮಂಕಿಪಾಕ್ಸೇ ಬರೀರಿ" ಅಂದರು.

೧. ತರಬೇತಿ

ನಮಗೆಲ್ಲ ತರಬೇತಿ ಕೊಡಲು ಮೇಲಧಿಕಾರಿಯೊಬ್ಬರು ಬಂದರು. ಮೊದಲು ಜ್ವರ, ಮೈಕೈ ನೋವು. ಕುತ್ತಿಗೆ, ಕಂಕುಳು, ತೊಡೆಸಂದಿನಲ್ಲಿ ಗಂಟು. ಆಮೇಲೆ ಗುಳ್ಳೆ, ಅದೂ ಅಂಗೈ ಅಂಗಾಲಿನಲ್ಲಿ ಸಹ. ಪರದೆಯ ಮೇಲೆ ಚಿತ್ರ ತೋರಿಸಿ ಚೆನ್ನಾಗಿಯೇ ಹೇಳಿದರು. ರೋಗಿಯನ್ನು ಪ್ರತ್ಯೇಕ ಕೋಣೆಯಲ್ಲಿ ಇಡಬೇಕು ಎಂದಾಗ ನಾನು ಎದ್ದು ನಿಂತು, "ಆ ಕೋಣೆ ಎಲ್ಲಿದೆ ಸಾರ್?" ಎಂದು ಕೇಳಿದೆ.

ಕಾಗದದಲ್ಲಿ ಇತ್ತು. ಎಲ್ಲರೂ ಎದ್ದು ನೋಡಲು ಹೋದೆವು. ಕಿಟಕಿಯಿಂದ ಇಣುಕಿದರೆ ಒಳಗೆ ಕೆಟ್ಟ ಫ್ಯಾನುಗಳು, ಮುರಿದ ಮಂಚಗಳು, ಹಳೇ ಬ್ಯಾನರುಗಳು ಸೂರಿನ ತನಕ ತುಂಬಿದ್ದವು. ಬೀಗದ ಕೈ ಇಟ್ಟುಕೊಂಡ ಸ್ಟೋರ್ ಕೀಪರ್ ರಜೆ ಮೇಲೆ ಹೋಗಿದ್ದ. ಅಧಿಕಾರಿಗಳು ಬೀಗವನ್ನು ಎರಡು ಸಲ ಜಗ್ಗಿ ನೋಡಿ ತೃಪ್ತಿಯಿಂದ ತಲೆಯಾಡಿಸಿದರು.

"ಪ್ರತ್ಯೇಕ ಅಂದರೆ ಹೀಗಿರಬೇಕು ನೋಡಿ. ನಮಗೇ ಒಳಗೆ ಹೋಗಲು ಆಗುತ್ತಿಲ್ಲ."

೨. ಬಲಗೈ ಬಿಟ್ಟ ರೋಗ

ಈ ರೋಗಕ್ಕೆ ವಾರಗಟ್ಟಲೆ ಒಬ್ಬನೇ ಇರಬೇಕು ಎಂಬ ಸುದ್ದಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಡೆ ಹೋದದ್ದೇ ತಡ, ಗುತ್ತಿಗೆ ಕೆಲಸದ ಒಬ್ಬ ತರುಣ ಶಿಫ್ಟ್ ತಪ್ಪಿಸಿ ಬಂದ. ಅಂಗಿ ಬಿಚ್ಚಿದ. ಎದೆ, ಹೊಟ್ಟೆ, ಎಡಗೈ ತುಂಬ ಕೆಂಪು ಗುಳ್ಳೆ. ಬೆನ್ನು ಸ್ವಚ್ಛ. ಬಲಗೈ ಅದಕ್ಕಿಂತ ಸ್ವಚ್ಛ.

"ಬಲಗೈಗೆ ಯಾಕಪ್ಪ ಒಂದೂ ಬಂದಿಲ್ಲ?"

"ಎಡಕ್ಕ ಶುರು ಆಗೇತ್ರಿ ಮೇಡಂ. ಬಲಕ್ಕ ನಾಳಿಗೆ ಬರಬಹುದು."

ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒಂದು ಗುಳ್ಳೆ ಒರೆಸಿದೆ. ಗುಳ್ಳೆ ಹತ್ತಿಗೆ ಬಂತು. ಇನ್ನೊಂದು ಒರೆಸಿದೆ, ಅದೂ ಬಂತು. ನಮ್ಮ ಸಿಸ್ಟರ್ ಗೋಡೆ ಕಡೆ ತಿರುಗಿ ನಗುತ್ತಿದ್ದರು. ನಾನು ಬಯ್ಯಲು ಬಾಯಿ ತೆಗೆಯುವಷ್ಟರಲ್ಲಿ ಅವನೇ ಕೈ ಮುಗಿದ.

"ನಿಮ್ಮ ಕೈಗುಣ ಮಸ್ತ್ ಐತ್ರಿ ಮೇಡಂ. ಹಚ್ಚಿದ ಕೂಡ್ಲೆ ವಾಸಿ ಆತು. ಒಂದು ಸರ್ಟಿಫಿಕೇಟ್ ಕೊಟ್ಟುಬಿಡ್ರಿ."

೩. ಮಂಗಗಳ ಆರೋಗ್ಯ

ಕಡ್ಡಿರಾಂಪುರದಲ್ಲಿ ಹೋಂಸ್ಟೇ ನಡೆಸುವ ಯಜಮಾನರೊಬ್ಬರು ಬೇರೆ ಥರದ ಸರ್ಟಿಫಿಕೇಟ್ ಕೇಳಲು ಬಂದರು. ಹಂಪಿ ನೋಡಲು ಬಂದವರು ಮಂಗಗಳನ್ನು ಕಂಡು ಹೆದರಿ ರೂಮ್ ಖಾಲಿ ಮಾಡುತ್ತಿದ್ದರಂತೆ. "ನಮ್ಮ ಮಂಗ್ಯಾಗಳಿಗೆ ರೋಗ ಇಲ್ಲ ಅಂತ ಸೀಲ್ ಹಾಕಿ ಕೊಡ್ರಿ, ಗೇಟಿಗೆ ಅಂಟಿಸ್ತೀನಿ" ಅಂದರು.

ನಾನು ತಾಳ್ಮೆಯಿಂದ ಬಿಡಿಸಿ ಹೇಳಿದೆ. ಹೆಸರಿನಲ್ಲಷ್ಟೇ ಮಂಗ ಇದೆ. ಈಗ ಇದು ಹಬ್ಬುತ್ತಿರುವುದು ಮನುಷ್ಯರಿಂದ ಮನುಷ್ಯರಿಗೆ. ಮೈಗೆ ಮೈ ತಾಗಿದರೆ, ರೋಗಿಯ ಟವೆಲು, ಹಾಸಿಗೆ ಬಳಸಿದರೆ ಬರುತ್ತದೆ. ಹಂಪಿಯ ಮಂಗಗಳದ್ದು ಏನೂ ತಪ್ಪಿಲ್ಲ.

ಯಜಮಾನರು ಗಲ್ಲ ಕೆರೆಯುತ್ತ ಯೋಚನೆ ಮಾಡಿದರು.

"ಹಂಗಾದ್ರ ಗಿರಾಕಿಗಳನ್ನ ಮುಟ್ಟಬ್ಯಾಡ್ರಿ ಅಂತ ಮಂಗ್ಯಾಗಳಿಗೇ ಹೇಳಬೇಕಾತು."

೪. ದುಬೈದಾಕಿ

ಇಷ್ಟು ಹುಸಿಗಳ ನಡುವೆ ಒಂದು ದಿನ ನಿಜವಾದದ್ದೇ ಬಂತು. ಕಂಪ್ಲಿಯವನು, ದುಬೈಯಲ್ಲಿ ಕ್ರೇನ್ ಓಡಿಸುತ್ತಿದ್ದ. ಹೆಂಡತಿಯ ಚೊಚ್ಚಲ ಹೆರಿಗೆಗೆಂದು ರಜೆ ಹಾಕಿ ಬಂದವನು ಬಂದ ದಿನವೇ ಜ್ವರದಲ್ಲಿ ಮಲಗಿದ್ದ. ಈಗ ಕುತ್ತಿಗೆಯಲ್ಲಿ ಗಂಟು, ಮುಖದ ಮೇಲೆ ಗುಳ್ಳೆ, ಅಂಗೈಯಲ್ಲೂ ಗುಳ್ಳೆ. ಹೆಂಡತಿ ಮರಿಯಮ್ಮನಹಳ್ಳಿಯ ತವರಿನಲ್ಲಿ ದಿನ ತುಂಬಿಕೊಂಡು ಕೂತಿದ್ದಳು. "ನಾಳೆ ಹೋಗಿ ಒಂದೇ ಸಲ ನೋಡಿ ಬರ್ತೀನ್ರಿ" ಎಂದು ಇವನ ಹಟ. ಬಸುರಿಗೂ ಹಸುಗೂಸಿಗೂ ಈ ರೋಗ ತಗುಲಿದರೆ ಜೀವಕ್ಕೇ ಅಪಾಯ. ನನಗೆ ನಿಜವಾಗಿ ಹೆದರಿಕೆಯಾಯಿತು. ಗದರಿಸಿ ಕೂರಿಸಿದೆ.

ಜೊತೆಗೆ ಬಂದಿದ್ದ ಅವನ ತಾಯಿ ಅಡ್ಮಿಟ್ ಮಾಡಲು ಒಪ್ಪಲಿಲ್ಲ. "ಅಮ್ಮ ಬಂದಾಳ್ರಿ. ಮನ್ಯಾಗ ಬೇವಿನಸೊಪ್ಪಿನ ಮ್ಯಾಲೆ ಮಲಗಸ್ತೀನಿ. ದವಾಖಾನ್ಯಾಗ ಇಟ್ರ ಅಕಿ ಸಿಟ್ಟಾಗ್ತಾಳ."

ಗುಳ್ಳೆ ತರುವ ಅಮ್ಮನ ಜೊತೆ ವಾದಕ್ಕಿಳಿಯುವಷ್ಟು ದಡ್ಡಿ ನಾನಲ್ಲ. ಮಗನ ಅಂಗೈ ತೋರಿಸಿ, "ಯವ್ವಾ, ಇದು ನಮ್ಮ ಕಡೆಯದಲ್ಲ, ಹೊರಗಿನಿಂದ ಬಂದದ್ದು" ಎಂದಷ್ಟೇ ಹೇಳಿದೆ.

ಆಕೆ ಬಗ್ಗಿ ನೋಡಿ ನಿಟ್ಟುಸಿರು ಬಿಟ್ಟಳು. "ಹಂಗಾದ್ರ ಇಕಿ ದುಬೈದಾಕಿ. ನಮ್ಮ ಮಾತು ಇಕಿಗೆ ತಿಳಿತೈತೋ ಇಲ್ಲೋ. ನೀವು ಕಲ್ತವ್ರು, ನೀವೇ ಮಾತಾಡ್ರಿ."

೫. ಎರಡೇ ನಿಮಿಷ

ತರಬೇತಿಯ ದಿನ ನೋಡಿದ್ದ ಆ ಕೋಣೆಯ ಬೀಗ ಒಡೆಸಿ, ಸಾಮಾನು ಹೊರಗೆ ಹಾಕಿಸಿ ಅವನನ್ನು ಮಲಗಿಸಿದೆವು. ಲ್ಯಾಬಿನಿಂದ ಬಂದ ವರದಿ ಮಂಕಿಪಾಕ್ಸ್ ಹೌದೆಂದಿತು. ಜ್ವರಕ್ಕೆ, ನೋವಿಗೆ ಮಾತ್ರೆ. ಬೇರೆ ತಟ್ಟೆ, ಬೇರೆ ಟವೆಲು. ಗುಳ್ಳೆ ಒಣಗಿ ಹಕ್ಕಳೆಯೆಲ್ಲ ಉದುರುವ ತನಕ ಹೊರಗೆ ಬರುವಂತಿಲ್ಲ. ತಾಯಿ ಮಾಸ್ಕ್ ಹಾಕಿಕೊಂಡು, ಬಾಗಿಲಿಗೆ ಬೇವಿನ ಟೊಂಗೆ ಸಿಕ್ಕಿಸಿ ಹೊರಗೇ ಕೂತಳು. ಅಷ್ಟರಲ್ಲಿ ಅತ್ತ ಹೆಣ್ಣು ಕೂಸು ಹುಟ್ಟಿತು. ಬಾಣಂತಿ, ಕೂಸು ಇಬ್ಬರೂ ಆರಾಮ.

ನಮ್ಮ ಭಾಗದ ನಾಯಕರೊಬ್ಬರಿಗೆ ಈ ಸುದ್ದಿ ಮುಟ್ಟಿತು. ರೋಗಿ, ಕೂಸು, ನಡುವೆ ತಾವು, ಹೀಗೊಂದು ಫೋಟೋ ಬಂದರೆ ಜನರ ಭಯ ಹೋಗುತ್ತದಂತೆ. ನನ್ನನ್ನು ಕೇಳದೆ ಮರಿಯಮ್ಮನಹಳ್ಳಿಗೆ ಕಾರು ಕಳಿಸಿ ಕೂಸನ್ನೂ ಕರೆಸಿಕೊಂಡು, ಹಿಂಬಾಲಕರು, ಫೋಟೋದವನ ಸಮೇತ ಆಸ್ಪತ್ರೆಗೆ ಬಂದಿಳಿದರು. ನನ್ನ ಮೈಯೆಲ್ಲ ಉರಿಯಿತು. "ಹಕ್ಕಳೆ ಇನ್ನೂ ಉದುರಿಲ್ಲ, ಕೂಸು ಒಳಗೆ ಹೋಗಕೂಡದು" ಎಂದು ಅಡ್ಡ ನಿಂತೆ. ತರಬೇತಿ ಕೊಟ್ಟಿದ್ದ ಅದೇ ಅಧಿಕಾರಿ ನನ್ನ ಕಿವಿಯ ಹತ್ತಿರ ಬಂದು, "ಎರಡೇ ನಿಮಿಷ ಮೇಡಂ, ಅಡ್ಜಸ್ಟ್ ಮಾಡಿಕೊಳ್ಳಿ" ಅಂದರು. ಹಿಂಬಾಲಕರು ನನ್ನನ್ನು ಸರಿಸಿಕೊಂಡು ಮುಂದೆ ನಡೆದೇಬಿಟ್ಟರು. ಕೂಸನ್ನು ಎತ್ತಿಕೊಂಡಿದ್ದ ತವರಿನ ಹೆಂಗಸು ಏನೂ ತಿಳಿಯದೆ ಅವರ ಹಿಂದೆ ಹೋಗುತ್ತಿದ್ದಳು.

ಬಾಗಿಲಲ್ಲಿ ರೋಗಿಯ ತಾಯಿ ಎದ್ದು ನಿಂತಳು. "ನಿಲ್ರಿ. ಒಳಗ ಅಮ್ಮ ಅದಾಳ. ಇವತ್ತು ಕೋಳಿ, ಕುರಿ, ಮೊಟ್ಟಿ ಏನೂ ಮುಟ್ಟಿಲ್ಲದವ್ರು ಅಷ್ಟ ಮುಂದ ಬರ್ರಿ."

ಎಲ್ಲರೂ ಡಾಬಾದಲ್ಲಿ ಊಟ ಮುಗಿಸಿಯೇ ಬಂದಿದ್ದರು. ಕೋಳಿ ಮಸಾಲೆಯ ವಾಸನೆ ಕಾರಿಡಾರ್ ತುಂಬ ಇತ್ತು. ಮೊದಲು ಫೋಟೋದವನು ಹಿಂದೆ ಸರಿದ, ಆಮೇಲೆ ಹಿಂಬಾಲಕರು, ಅವರ ಹಿಂದೆ ನಮ್ಮ ಅಧಿಕಾರಿ. "ಕೂಸನ್ನ ಮನಿಗೆ ಕರ್ಕೊಂಡು ಹೋಗವಾ. ಅಮ್ಮ ಇಳಿದ ಮ್ಯಾಲೆ ಅಪ್ಪನ ಮಾರಿ ನೋಡತೈತಿ" ಎಂದು ತಾಯಿ ಆ ಹೆಂಗಸನ್ನು ವಾಪಸ್ ಕಳಿಸಿದಳು. ನನಗೆ ಹೋದ ಜೀವ ಬಂದಂತಾಯಿತು. ಹಕ್ಕಳೆ ಉದುರಿ ಹೊಸ ಚರ್ಮ ಬಂದ ಮೇಲೆ ಅವನು ಮಗಳನ್ನು ಎತ್ತಿ ಆಡಿಸಿದ, ಅದು ಆಮೇಲಿನ ಮಾತು.

ನಾಯಕರು ಮಾತ್ರ ಸೋಲಲಿಲ್ಲ. ತಲೆಯಿಂದ ಕಾಲಿನ ತನಕ ಬಿಳೀ ಕಿಟ್ ಹಾಕಿಸಿಕೊಂಡು ಮತ್ತೆ ಬಾಗಿಲಿಗೆ ಬಂದರು. "ನೋಡ್ರಿ ಯವ್ವಾ, ಪೂರಾ ಕಿಟ್ ಹಾಕ್ಕೊಂಡೀನಿ. ಇನ್ನೇನು ಭಯ ಇಲ್ಲ."

ತಾಯಿ ಅವರನ್ನು ಮೇಲಿಂದ ಕೆಳಗೆ ನೋಡಿದಳು.

"ಮ್ಯಾಲೆ ಪ್ಲಾಸ್ಟಿಕ್ ಸುತ್ಕೊಂಡ್ರ ಒಳಗಿನ ಕೋಳಿ ಅಕಿಗೆ ಕಾಣಂಗಿಲ್ಲ ಅಂತ ತಿಳಿದೀರೇನ್ರಿ?"