ಗೋದಲಿಗೊಂದು ಅಡ್ಡಗಳ

ಯೇಸುಸ್ವಾಮಿ ಹುಟ್ಟಿದ ದಿನ ಯಾರದಾದರೂ ಹಣೆಯಲ್ಲಿ ಬುಗುಟೆ ಏಳದೆ ನಮ್ಮ ಸೋದರಮಾವನ ಮನೆಯಲ್ಲಿ ಹಬ್ಬ ಮುಗಿದದ್ದೇ ಇಲ್ಲ!

ತೊಂಬತ್ತರ ದಶಕದ ಮಾತು. ಮಾವ ನಂಜನಗೂಡಿನ ಒಂದು ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು, ಮನೆ ಟಿ. ನರಸೀಪುರದಲ್ಲಿ. ಕ್ರಿಸ್‌ಮಸ್ ಬಂತೆಂದರೆ ನಮ್ಮಂಥವರ ಮನೆಗಳಲ್ಲಿ ಗೋದಲಿ ಎಂದರೆ ಥರ್ಮಕೋಲಿನ ಗುಡಿಸಲು, ಅದಕ್ಕೊಂದಿಷ್ಟು ಸೀರಿಯಲ್ ಸೆಟ್ಟು. ಮಾವನಿಗೆ ಅದು ಆಗದು. "ಗೋದ್ಲಿ ಅಂದ್ರೆ ಅಸ ಮೇಯೋ ಜಾಗ ಕಣ್ರೀ, ಷೋಕೇಸಲ್ಲ!" ಎಂದು ಹಿತ್ತಲ ಕೊಟ್ಟಿಗೆಯ ಗೋದಲಿಯಲ್ಲೇ ಹುಲ್ಲು ಹಾಸಿ ಬಾಲಯೇಸುವಿನ ಬೊಂಬೆಯನ್ನು ಮಲಗಿಸುತ್ತಿದ್ದರು.

ಹಸುವಿಗೆ ಹಬ್ಬ ಗೊತ್ತೇ? ದೇವರ ಹಾಸಿಗೆಯನ್ನು ನಿಧಾನವಾಗಿ ಮೇಯುತ್ತಿತ್ತು. ಮಾವ ಗದರುತ್ತಲೇ ಇರಲಿಲ್ಲ. "ಅದ್ರ ತಟ್ಟೇಲಿ ನಾವು ಮಗೀನ ಮಲಗ್ಸಿದ್ರೆ ಅದೇನು ಉಪಾಸ ಇರ್ಬೇಕಾ?" ಎಂದು ಮತ್ತಷ್ಟು ಹುಲ್ಲು ಹಾಸುತ್ತಿದ್ದರು.

ಇಷ್ಟಕ್ಕೇ ಬಿಟ್ಟಿದ್ದರೆ ಹಣೆಗಳು ಉಳಿಯುತ್ತಿದ್ದವು. ಕೊಟ್ಟಿಗೆಯ ಬಾಗಿಲಿಗೆ ಎದೆಯೆತ್ತರದಲ್ಲಿ ಒಂದು ಬಿದಿರು ಗಳ ಅಡ್ಡ ಕಟ್ಟುತ್ತಿದ್ದರು. ಬಗ್ಗಿದವರಿಗೆ ಮಾತ್ರ ದರ್ಶನ!

"ಸ್ಕೂಲಲ್ಲಿ ಮಕ್ಕಳನ್ನ ಬಗ್ಸಿದ್ದು ಸಾಲ್ದು ಅಂತ ನೆಂಟರನ್ನೂ ಬಗ್ಸ್ತಾರೆ" ಎಂದು ಅತ್ತೆ ಗೊಣಗುತ್ತಿದ್ದರು.

ಒಮ್ಮೆ ಆಶೀರ್ವಾದಕ್ಕೆ ಬಂದ ಫಾದರ್ ಅರ್ಧ ಮಾತ್ರ ಬಗ್ಗಿದರು. ಠಣ್! ಹಣೆ ಉಜ್ಜಿಕೊಳ್ಳುತ್ತಾ, "ಮೇಷ್ಟ್ರೇ, ಗಳ ಸ್ವಲ್ಪ ಮೇಲೆ ಕಟ್ಟಬಾರದೇ?" ಎಂದರು.

"ದೇವ್ರೇ ಆಕಾಸದಿಂದ ಉಲ್ಲಿನಗಂಟ ಇಳ್ದವ್ನೆ ಫಾದರ್. ನೀವು ಎರಡಡಿ ಇಳಿಯಕ್ಕಾಗಲ್ವ?"

ಫಾದರ್ ಮುಂದಿನ ಭಾನುವಾರ ಅದೇ ಮಾತನ್ನು ಚರ್ಚಿನ ಪ್ರಸಂಗದಲ್ಲಿ ಹೇಳಿ ಎಲ್ಲರ ಕಣ್ಣು ಒದ್ದೆ ಮಾಡಿದರು. ಬುಗುಟೆಯ ಸುದ್ದಿ ಮಾತ್ರ ಎತ್ತಲಿಲ್ಲ!

ಹಬ್ಬದ ಬೆಳಿಗ್ಗೆ ಮಗುವಿಗೆ ಮೊದಲ ಮುತ್ತು ಅಜ್ಜಿಯದೇ, ಅಂದರೆ ಮಾವನ ತಾಯಿಯದು. ಒಂದು ವರ್ಷ ಅಜ್ಜಿ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಕುರ್ಚಿಯ ಸಮೇತ ಎತ್ತಿ ತಂದು ಗಳದ ಈಚೆ ಕೂರಿಸಿದೆವು. ಬಗ್ಗುವುದಿರಲಿ, ಅಲುಗಾಡುವುದೇ ಕಷ್ಟ. "ಈ ವರ್ಸ ಮುತ್ತು ಕೊಡಕ್ಕಾಗಲ್ವೇನೋ" ಎಂದು ಕಣ್ಣೊರೆಸಿಕೊಂಡಳು.

"ಇವತ್ತಾದ್ರೂ ಬಿಚ್ಚಾಕಿ ಅದನ್ನ" ಎಂದರು ಅತ್ತೆ.

"ಬಿಚ್ಚಲ್ಲ" ಎಂದರು ಮಾವ.

ನನಗೆ ಸಿಟ್ಟು ನೆತ್ತಿಗೇರಿತು. ಇದೆಂಥ ಹಟ! ಹೆತ್ತ ತಾಯಿಗಿಂತ ಬಿದಿರು ಹೆಚ್ಚೇ?

ಮಾವ ಬಗ್ಗಿ ಒಳಗೆ ಹೋದರು. ಬೊಂಬೆಯನ್ನು ಹುಲ್ಲಿನ ಸಮೇತ ಎರಡೂ ಕೈಯಲ್ಲಿ ಎತ್ತಿಕೊಂಡು, ಅದನ್ನೇ ನೋಡುತ್ತಾ ಹೊರಗೆ ಹೊರಟರು. ಠಣ್! ಗಳ ಕಟ್ಟಿದವರ ಹಣೆಗೇ ಬಿತ್ತು. ಯಾರೂ ನಗಲಿಲ್ಲ. ಮಾವ ಅಜ್ಜಿಯ ಕಾಲ ಬಳಿ ಮಂಡಿಯೂರಿ ಬೊಂಬೆಯನ್ನು ಮಡಿಲಿಗಿಟ್ಟರು.

"ನೀನು ಬಗ್ಗಬ್ಯಾಡ ಕಣವ್ವ. ಅವ್ನೇ ಬಂದವ್ನೆ."

ಈಗ ಮುತ್ತು ಕೊಡುತ್ತಾಳೆ ಎಂದು ಎಲ್ಲರೂ ಕಾದೆವು. ಅಜ್ಜಿ ಒಂದು ಕೈಯಲ್ಲಿ ಮಗುವನ್ನು ಹಿಡಿದು, ಇನ್ನೊಂದು ಕೈಯಲ್ಲಿ ಸೆರಗಿನ ತುದಿಯನ್ನು ಮುದ್ದೆ ಮಾಡಿ, ಬಾಯಿಂದ ಊದಿ ಬಿಸಿ ಮಾಡಿ ಮಾವನ ಬುಗುಟೆಗೆ ಒತ್ತಿದಳು.

"ನೋಡ್ಕಂಡು ಬರಬಾರ್ದೇನ್ಲಾ ಮಗ" ಎಂದಳು.

ಐವತ್ತು ದಾಟಿದ ಡ್ರಿಲ್ ಮೇಷ್ಟ್ರು ಅವಳ ಮಡಿಲಲ್ಲಿ, ಆ ಮಗುವಿನ ಪಕ್ಕದಲ್ಲೇ ತಲೆಯಿಟ್ಟು ಅತ್ತುಬಿಟ್ಟರು.