ನಮ್ಮ ಕಡೆಯವರು ತೋರಿಸಿದ ಚೈನೀಸ್ ಹೋಟೆಲು

ಬೆಂಗಳೂರಿನಂಥ ಊರಿನಲ್ಲಿ ಒಂದು ಒಳ್ಳೆಯ ಚೈನೀಸ್ ಹೋಟೆಲು ಹುಡುಕುವುದು ದೊಡ್ಡ ವಿಷಯವೇ ಅಲ್ಲ ಎಂಬ ಘನವಾದ ಅಭಿಪ್ರಾಯ ನನಗಿತ್ತು. ನಾನು ಮೂಡಿಗೆರೆಯಲ್ಲಿ ತೋಟಕ್ಕೆ ಔಷಧಿ ಹೊಡೆಯುವ ಪಂಪುಗಳನ್ನು ರಿಪೇರಿ ಮಾಡುವವನು. ಪಂಪಿನ ಸದ್ದು ಕೇಳಿಯೇ ರೋಗ ಹೇಳುವ ನನಗೆ ಒಂದು ಹೋಟೆಲು ಯಾವ ಲೆಕ್ಕ!

ನನ್ನ ಹೆಂಡತಿ ಶೋಭಾಳಿಗೆ ಮಂಡಿನೋವು. ದೊಡ್ಡ ಡಾಕ್ಟರಿಗೆ ತೋರಿಸಲು ಬೆಂಗಳೂರಿಗೆ ಹೊರಟಾಗ ಅವಳು ಕೇಳಿದ್ದು ಒಂದೇ.

"ಆಸ್ಪತ್ರೆ ಮುಗಿದ ಮೇಲೆ ನಂಗೊಂದು ಒಳ್ಳೆ ಚೈನೀಸ್ ಊಟ ಕೊಡ್ಸಿ. ನಮ್ಮ ಪೇಟೆ ಗಾಡಿಯ ಕೆಂಪು ಗೋಬಿ ಅಲ್ಲ. ಉದ್ದುದ್ದ ನೂಡಲ್ಸು, ಎರಡು ಕಡ್ಡಿ ಹಿಡ್ಕೊಂಡು ತಿನ್ನದು."

ಮದುವೆಯಾದಾಗಿನಿಂದ ಅವಳು ಬಾಯಿ ಬಿಟ್ಟು ಕೇಳಿದ್ದೇ ಕಡಿಮೆ. ಈ ಸಲ ಫೋನಿನಲ್ಲಿ ನೋಡಿಕೊಂಡು, ಎರಡು ಪೆನ್ಸಿಲಿನಲ್ಲಿ ಶ್ಯಾವಿಗೆ ಎತ್ತಿ ಅಭ್ಯಾಸವನ್ನೂ ಮಾಡಿಕೊಂಡಿದ್ದಳು.

ಡಾಕ್ಟರು ಮಂಡಿ ಒತ್ತಿ ನೋಡಿ, ನಡಿಗೆ ಕಡಿಮೆ ಮಾಡಿ, ಮೆಟ್ಟಿಲಂತೂ ಹತ್ತಲೇಬೇಡಿ ಎಂದರು. ಹೊರಗೆ ಬಂದರೆ ಆಸ್ಪತ್ರೆಯ ಎದುರಿಗೇ ಒಂದು ಚೈನೀಸ್ ಹೋಟೆಲು!

"ಇಲ್ಲೇ ಹೋಗನ," ಎಂದಳು ಶೋಭಾ.

"ಗುರುತಿಲ್ಲದ ಕಡೆ ಹೆಂಗೆ ಹೋಗದು? ನಮ್ಮ ಕಡೆಯವ್ರನ್ನ ಕೇಳನ."

"ಫೋನಲ್ಲಿ ನೋಡಿ ಮಾರಾಯ್ರೆ. ತಿಂದೋರು ಹೆಂಗಿದೆ ಅಂತ ಬರ್ದಿರ್ತಾರೆ."

"ಬರ್ದೋರು ಯಾವ ಊರಿನೋರು? ಅವ್ರಿಗೆ ನಮ್ಮ ಬಾಯಿರುಚಿ ಗೊತ್ತಾ?"

ಇದು ನಮ್ಮ ಕಡೆಯ ಹಳೆಯ ಕಾಯಿಲೆ. ಮೂಡಿಗೆರೆಯಿಂದ ಕಳಸದವರೆಗಿನ ಯಾವ ಮನುಷ್ಯನೂ ದೊಡ್ಡ ಊರಿಗೆ ಹೋದರೆ ಅಪರಿಚಿತರನ್ನು ಏನನ್ನೂ ಕೇಳುವುದಿಲ್ಲ. ಅಲ್ಲಿರುವ ನಮ್ಮವನೊಬ್ಬನನ್ನು ಹುಡುಕಿ, ಅವನನ್ನು ಕೇಳುತ್ತಾನೆ. ಅವನಿಗೆ ಗೊತ್ತಿರಬೇಕೆಂಬ ನಿಯಮವೇನೂ ಇಲ್ಲ!

ಕಳಸದ ಹತ್ತಿರದ ಸಂಸೆಯ ಸತೀಶ ಬೆಂಗಳೂರಿನಲ್ಲಿ ಬೇಕರಿ ಇಟ್ಟಿದ್ದಾನೆ. ಎರಡು ಬಸ್ಸು ಬದಲಿಸಿ ಅವನಲ್ಲಿಗೆ ಹೋದೆವು. ಅವನು ಬಲವಂತದಿಂದ ಬನ್ನು ತಿನ್ನಿಸಿ, ಕಾಫಿ ಕುಡಿಸಿ, ಊರಿನ ಮಳೆ, ಕಾಳುಮೆಣಸಿನ ರೇಟು, ಯಾರ್ಯಾರು ತೀರಿಕೊಂಡರು ಎಂಬುದನ್ನೆಲ್ಲ ಸಾವಕಾಶವಾಗಿ ವಿಚಾರಿಸಿದ. ಆಮೇಲೆ, "ಚೈನೀಸಾ? ಹಿಂದಿನ ರಸ್ತೆಲೇ ಇದೆ, ಮೂರನೇ ಮಹಡಿ. ಭಾರಿ ಲಾಯ್ಕ್!" ಎಂದ.

ಲಿಫ್ಟು ಕೆಟ್ಟಿತ್ತು. ಶೋಭಾ ಕಂಬಿ ಹಿಡಿದುಕೊಂಡು, ಪ್ರತಿ ತಿರುವಿನಲ್ಲೂ ನಿಂತು, ನನ್ನನ್ನೊಮ್ಮೆ ನೋಡಿ ಹತ್ತಿದಳು. ಮೇಲೆ ಹೋಟೆಲೇ ಇರಲಿಲ್ಲ. ಯೋಗ ತರಗತಿ ನಡೆಯುತ್ತಿತ್ತು! ಮಂಡಿನೋವಿನವರಿಗೆ ಪ್ರತ್ಯೇಕ ಬ್ಯಾಚು ಇದೆ ಎಂದು ಅಲ್ಲಿದ್ದ ಹುಡುಗಿ ಬಹಳ ವಿನಯದಿಂದ ತಿಳಿಸಿದಳು.

ಸತೀಶನಿಗೆ ಫೋನ್ ಮಾಡಿದೆ.

"ಹೌದಾ? ನಾನು ಅಲ್ಲಿ ತಿಂದಿಲ್ಲಪ್ಪ, ಬೋರ್ಡು ನೋಡಿದ್ದೆ ಅಷ್ಟೆ. ತಡೀರಿ, ನಮ್ಮ ಬಾಳೂರಿನ ಇಸ್ಮಾಯಿಲ್ ಚೈನೀಸ್ ಹೋಟೆಲಲ್ಲೇ ದೊಡ್ಡ ಕುಕ್ಕು. ಅಲ್ಲಿಗೆ ಹೋಗಿ."

"ನೋಡಿದ್ಯಾ, ನಮ್ಮ ಕಡೆಯವ್ರು ಅಂದ್ರೆ ಹಿಂಗೆ!" ಎಂದೆ. ಶೋಭಾ ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದಳು.

ಟ್ರಾಫಿಕ್ಕಿನಲ್ಲಿ ಆಟೋ ತೆವಳಿ ತೆವಳಿ ಅಲ್ಲಿಗೆ ಮುಟ್ಟಿತು. ಆದರೆ ಹೋಟೆಲೆಂದರೆ ಹೋಟೆಲು! ಕೆಂಪು ದೀಪಗಳು, ಪಿಂಗಾಣಿ ಬಟ್ಟಲುಗಳು, ಪ್ರತಿ ತಟ್ಟೆಯ ಪಕ್ಕ ಎರಡೆರಡು ಕಡ್ಡಿ. ಬೆಳಗಿನಿಂದ ಮೊದಲ ಸಲ ಶೋಭಾಳ ಮುಖ ಅರಳಿತು. ಕಡ್ಡಿಗಳನ್ನು ಬೆರಳಿಗೆ ಸಿಕ್ಕಿಸಿಕೊಂಡು, ಪಕ್ಕದ ಮೇಜಿನ ನೂಡಲ್ಸಿನ ಹಬೆಯನ್ನೇ ನೋಡುತ್ತ ಕೂತಳು. ನಾನು ಬಾಯಿ ಮುಚ್ಚಿಕೊಂಡು ಆರ್ಡರ್ ಕೊಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಬಡಿಸುವವನನ್ನು ಕರೆದು, "ಒಳಗೆ ಇಸ್ಮಾಯಿಲ್ಲಿಗೆ ಮೂಡಿಗೆರೆಯೋರು ಬಂದಿದಾರೆ ಅಂತ ಹೇಳಿ," ಎಂದೆ.

ಇಸ್ಮಾಯಿಲ್ ಉದ್ದನೆಯ ಬಿಳಿ ಟೋಪಿಯಲ್ಲೇ ಓಡಿ ಬಂದ. ಅವನ ಕಣ್ಣಲ್ಲಿ ನೀರು!

"ಅಣ್ಣ, ಅಕ್ಕ, ಊರಿಂದ ಬಂದು ನೀವು ಇದನ್ನ ತಿನ್ನದಾ? ಛೆ ಛೆ! ಇದೆಲ್ಲ ಗಿರಾಕಿಗಳಿಗೆ. ಒಳಗೆ ನಮ್ಮ ಊಟಕ್ಕೆ ಅಕ್ಕಿರೊಟ್ಟಿ, ಕೋಳಿ ಸಾರು ಮಾಡಿದೀನಿ. ನೀವು ಮನೆಯೋರು!"

ಬೇಡ ಎನ್ನಬೇಕಿತ್ತು. ಆದರೆ ಪ್ರೀತಿಯಿಂದ ಬಡಿಸುವವನಿಗೆ ಬೇಡ ಎನ್ನುವ ನಾಲಿಗೆ ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

"ಅದೇ ಆಗ್ಬೋದು ಮಾರಾಯ," ಎಂದುಬಿಟ್ಟೆ!

ಶೋಭಾ ಕಡ್ಡಿಗಳನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಕೈ ತೊಳೆಯಲು ಎದ್ದಳು. ಅವಳು ವರ್ಷವೆಲ್ಲ ಮನೆಯಲ್ಲಿ ತಟ್ಟುವುದೂ ಅಕ್ಕಿರೊಟ್ಟಿಯನ್ನೇ. ಅವಳು ಕುಂಟುತ್ತಲೇ ಹೋದಳು. ಸಾರು ಬಹಳ ರುಚಿಯಾಗಿತ್ತು ಎಂದು ಹೇಳಲು ಈಗಲೂ ನಾಚಿಕೆ.

ಹೊರಡುವಾಗ ಇಸ್ಮಾಯಿಲ್ ಹೋಟೆಲಿನ ಹೆಸರಿದ್ದ ಕೆಂಪು ಡಬ್ಬಿಯೊಂದನ್ನು ಶೋಭಾಳ ಕೈಗಿಟ್ಟು, "ಅಕ್ಕ, ದಾರಿಗೆ ಇರ್ಲಿ," ಎಂದ. ಡಬ್ಬಿ ಬಿಸಿಯಾಗಿತ್ತು. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು, ಬಸ್ಸು ಹೊರಡುವವರೆಗೂ ತಾಳ್ಮೆಯಿಂದ ಕಾದು, ಆಮೇಲೆ ಮುಚ್ಚಳ ತೆಗೆದಳು.

ಮತ್ತೆರಡು ಅಕ್ಕಿರೊಟ್ಟಿ!

ಅವಳು ಮುಚ್ಚಳವನ್ನು ಮತ್ತೆ ಹಾಕಿದಳು. "ಡಾಕ್ಟ್ರು ಇನ್ನೊಂದ್ಸಲ ಬನ್ನಿ ಅಂದಿದಾರಲ್ಲ, ಆಗ ನಾನೊಬ್ಳೇ ಬರ್ತೀನಿ," ಎಂದಳು.

"ಒಬ್ಳೇ ಯಾಕೆ? ಬೆಂಗಳೂರಲ್ಲಿ ನಂಗೆ ಎಷ್ಟು ಜನ ಗೊತ್ತು!"

"ಅದಕ್ಕೇ," ಎಂದು ಡಬ್ಬಿಯನ್ನು ನನ್ನ ಮಡಿಲಿಗೆ ಸರಿಸಿ ಕಣ್ಣು ಮುಚ್ಚಿದಳು.

ಆ ದಿನ ನಾನು ಯಾರನ್ನೂ ಕೇಳದೆ ಮಾಡಿದ ಕೆಲಸ ಒಂದೇ. ಎರಡೂ ರೊಟ್ಟಿ ತಿಂದು ಮುಗಿಸಿದೆ.